ಮಾರ್ಚ್ 12ರ ಮನೆಯಲ್ಲಿ ಯಾರ್ಯಾರು?

ಹಾವೇರಿ ರೈಲು ನಿಲ್ದಾಣಕ್ಕೆ ಈಗ ಮಹದೇವಪ್ಪ ಮೈಲಾರರ ಹೆಸರು. ಅದೇ ದಾರಿಯಲ್ಲಿ ಮುಂದೆ ಬಂದರೆ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ, ಅದರೊಳಗೆ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್. ಮೈಲಾರರು 1930ರ ಮಾರ್ಚ್ 12ರ ಬೆಳಗ್ಗೆ ಗಾಂಧೀಜಿಯ ಹಿಂದೆ ಸಾಬರಮತಿ ಆಶ್ರಮದಿಂದ ಹೊರಬಿದ್ದವರು. ಪ್ಲಾಟ್‌ಫಾರ್ಮ್ ಲೋಕಾರ್ಪಣೆಯಾದದ್ದು 2023ರ ಮಾರ್ಚ್ 12ರಂದು. ಒಂದೇ ಹಳಿಯ ಮೇಲಿನ ಎರಡು ನಿಲ್ದಾಣ, ಒಂದೇ ತಾರೀಖು, ನಡುವೆ ಬರೋಬ್ಬರಿ 93 ವರ್ಷ.

ಇದಕ್ಕೇನಾದರೂ ಅರ್ಥ ಇದೆಯೇ? ಖರೆ ಹೇಳಬೇಕೆಂದರೆ, ತಾರೀಖಿನ ಮಟ್ಟಿಗೆ ಏನೂ ಇಲ್ಲ. ಆದರೂ ಕ್ಯಾಲೆಂಡರಿನ ಒಂದು ಮನೆಯೊಳಗೆ ಹೀಗೆ ಕೂಡಿಬಿದ್ದವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ‘ನೀವು ಇಲ್ಲಿಗೆ ಹೇಗೆ ಬಂದಿರಿ’ ಎಂದು ಕೇಳಿದರೆ, ಇತಿಹಾಸ ಹೇಗೆ ದಾಖಲಾಗುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಪಾಠದ ಪುಸ್ತಕಕ್ಕಿಂತ ಚೆನ್ನಾಗಿ ಕಾಣಿಸುತ್ತದೆ. ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ‘ದಿನದ ವಿಶೇಷ’ ಓದುವವರು, ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಪ್ರಚಲಿತ ವಿದ್ಯಮಾನದ ನೋಟ್ಸ್ ಬರೆದುಕೊಳ್ಳುವವರು, ಬೆಳಗಾಗುತ್ತಲೇ ವಾಟ್ಸ್‌ಆ್ಯಪ್ ಗುಂಪಿಗೆ ‘ಇತಿಹಾಸದಲ್ಲಿ ಈ ದಿನ’ ಕಳಿಸುವವರು, ಇವರೆಲ್ಲರ ಕೈಯಲ್ಲಿ ತಿರುಗುವುದು ಒಬ್ಬರಿಂದೊಬ್ಬರು ನಕಲು ಮಾಡಿದ ಪಟ್ಟಿ. ನಕಲಿನ ಜೊತೆಗೆ ತಪ್ಪೂ ನಕಲಾಗುತ್ತದೆ. ಮಾರ್ಚ್ 12 ಅದಕ್ಕೆ ಒಳ್ಳೆಯ ಮಾದರಿ. ಆಗಬಹುದಾದ ತಪ್ಪುಗಳೆಲ್ಲ ಈ ಒಂದು ದಿನದಲ್ಲೇ ಸಿಗುತ್ತವೆ.

ಮೊದಲು ಕಾಕತಾಳೀಯದ ಬೆಲೆ ಎಷ್ಟು ಎಂದು ನೋಡಿಬಿಡೋಣ. ಒಂದು ಕೋಣೆಯಲ್ಲಿ 23 ಜನ ಇದ್ದರೆ ಸಾಕು, ಅವರಲ್ಲಿ ಯಾರೋ ಇಬ್ಬರ ಹುಟ್ಟಿದ ತಾರೀಖು ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು, 50.7 ಪ್ರತಿಶತ. 60 ಮಕ್ಕಳ ತರಗತಿಯಲ್ಲಿ ಅದು 99 ಪ್ರತಿಶತ ದಾಟುತ್ತದೆ. ಆದರೆ ಅದೇ ತರಗತಿಯಲ್ಲಿ ನಿರ್ದಿಷ್ಟವಾಗಿ ಮಾರ್ಚ್ 12ರಂದೇ ಹುಟ್ಟಿದ ಮಗು ಇರುವ ಸಂಭವ ಸುಮಾರು 15 ಪ್ರತಿಶತ ಮಾತ್ರ. ಅರ್ಧದಷ್ಟು ಸಂಭವ ಬೇಕಾದರೆ 253 ಮಕ್ಕಳು ಬೇಕು. ‘ಯಾರೋ ಇಬ್ಬರು’ ಎನ್ನುವುದಕ್ಕೂ ‘ಈ ದಿನವೇ’ ಎನ್ನುವುದಕ್ಕೂ ಇಷ್ಟು ಅಂತರ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಒಂಬತ್ತು ಲಕ್ಷ ನಲವತ್ತು ಸಾವಿರದ ಮೇಲಿತ್ತು. 365ರಿಂದ ಭಾಗಿಸಿದರೆ ಅವಳಿ ನಗರದಲ್ಲೇ ಸುಮಾರು 2,580 ಜನರ ಹುಟ್ಟುಹಬ್ಬ ಮಾರ್ಚ್ 12ಕ್ಕೆ ಬೀಳಬೇಕು. ಜಗತ್ತಿನ ಇತಿಹಾಸವನ್ನೆಲ್ಲ 366 ಮನೆಗಳಿಗೆ ಹಂಚಿದರೆ ಯಾವ ಮನೆಯೂ ಖಾಲಿ ಉಳಿಯುವುದಿಲ್ಲ. ಹಾಗಾಗಿ ‘ಎಂಥಾ ಅದ್ಭುತ, ಎರಡೂ ಒಂದೇ ದಿನ!’ ಎನ್ನುವ ಉದ್ಗಾರಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ತಾರೀಖು ತಾನಾಗಿ ಬಿತ್ತೋ, ಯಾರಾದರೂ ನೋಡಿ ಆರಿಸಿದರೋ?

ದಂಡಿಯಿಂದಲೇ ಶುರು ಮಾಡೋಣ. ಈ ಮನೆಯ ಯಜಮಾನ ಅದೇ.

1930ರ ಮಾರ್ಚ್ 12, ಬುಧವಾರ, ಬೆಳಗ್ಗೆ ಆರೂವರೆ. ಆಶ್ರಮದಿಂದ ಹೊರಟವರು 78 ಸತ್ಯಾಗ್ರಹಿಗಳು, ಗಾಂಧೀಜಿಯನ್ನು ಕೂಡಿಸಿದರೆ 79. ದಾರಿಯಲ್ಲಿ ಸೇರಿಕೊಂಡವರನ್ನೂ ಹಿಡಿದರೆ ಸಂಖ್ಯೆ ಏರುತ್ತದೆ. ದಂಡಿಯಲ್ಲಿ 2019ರಲ್ಲಿ ಉದ್ಘಾಟನೆಯಾದ ಸ್ಮಾರಕದಲ್ಲಿ ಗಾಂಧೀಜಿಯ ಜೊತೆ 80 ಜನರ ಪ್ರತಿಮೆಗಳಿವೆ. ಹೀಗಾಗಿ 78, 79, 80, 81 ಎಂಬ ನಾಲ್ಕು ಅಂಕಿಗಳೂ ಪುಸ್ತಕಗಳಲ್ಲಿ ಸಿಗುತ್ತವೆ. ಅವುಗಳ ನಡುವೆ ಜಗಳವೇನಿಲ್ಲ, ಎಣಿಸಿದ ರೀತಿ ಬೇರೆ, ಅಷ್ಟೆ. ‘78 ಜನರೊಂದಿಗೆ ಗಾಂಧೀಜಿ ಹೊರಟರು’ ಎಂದು ಬರೆದರೆ ಯಾವ ಗೊಂದಲಕ್ಕೂ ಜಾಗ ಉಳಿಯುವುದಿಲ್ಲ.

ದಿನದ ಲೆಕ್ಕದಲ್ಲೂ ಹೀಗೇ. ಕೆಲವರು 24 ದಿನ ಎನ್ನುತ್ತಾರೆ, ಕೆಲವರು 25. ಮಾರ್ಚ್ 12ರಿಂದ 31ರವರೆಗೆ ಎರಡೂ ತುದಿ ಸೇರಿಸಿದರೆ 20 ದಿನ, ಏಪ್ರಿಲ್‌ನ 5 ದಿನ ಕೂಡಿದರೆ 25. ಹೊರಟ ದಿನವನ್ನು ಬಿಟ್ಟು ಎಣಿಸಿದರೆ 24. ಸೋಮವಾರ ಗಾಂಧೀಜಿಗೆ ಮೌನದ ದಿನ, ಅಂದು ನಡಿಗೆಗೂ ಬಿಡುವು. ದೂರ 240 ಅಥವಾ 241 ಮೈಲಿ. ಕಿಲೋಮೀಟರಿಗೆ ತಿರುಗಿಸುವಾಗ ಒಬ್ಬರು 385 ಎಂದು ದುಂಡಗೆ ಮಾಡುತ್ತಾರೆ, ಇನ್ನೊಬ್ಬರು 388 ಎಂದು ಕರಾರುವಾಕ್ಕಾಗಿ ಗುಣಿಸುತ್ತಾರೆ. ಮೂಲ ಅಳತೆ ಮೈಲಿಯಲ್ಲಿದ್ದಾಗ ಮೈಲಿಯನ್ನೇ ಬರೆದು, ಪಕ್ಕದಲ್ಲಿ ‘ಸುಮಾರು’ ಎಂದು ಕಿಲೋಮೀಟರ್ ಹಾಕುವುದು ಲೇಸು.

ಇದಕ್ಕಿಂತ ದೊಡ್ಡ ಗೊಂದಲ ಮೂರು ತಾರೀಖುಗಳದ್ದು. ಯಾತ್ರೆ ಹೊರಟದ್ದು ಮಾರ್ಚ್ 12, ದಂಡಿ ಮುಟ್ಟಿದ್ದು ಏಪ್ರಿಲ್ 5, ಉಪ್ಪು ಎತ್ತಿ ಕಾನೂನು ಮುರಿದದ್ದು ಏಪ್ರಿಲ್ 6. ‘ಉಪ್ಪಿನ ಸತ್ಯಾಗ್ರಹದ ದಿನ’ ಎಂದು ಸುಮ್ಮನೆ ಬರೆದರೆ ಮೂರರಲ್ಲಿ ಯಾವುದೂ ಆಗಬಹುದು. ನಮ್ಮ ಕಡೆಯವರಿಗೆ ನಾಲ್ಕನೆಯದೊಂದಿದೆ: ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದು ಏಪ್ರಿಲ್ 13. ಇಲ್ಲಿ ಆರಿಸಿದ ತಾರೀಖುಗಳ ಜಾಣತನ ಕಾಣುತ್ತದೆ. ಏಪ್ರಿಲ್ 6 ಎಂದರೆ 1919ರಲ್ಲಿ ರೌಲತ್ ಕಾಯಿದೆಯ ವಿರುದ್ಧ ದೇಶವ್ಯಾಪಿ ಹರತಾಳ ನಡೆದ ದಿನ. ಏಪ್ರಿಲ್ 13 ಅದೇ ವರ್ಷದ ಜಲಿಯನ್‌ವಾಲಾ ಬಾಗ್‌ನ ದಿನ. ಆ ವಾರವನ್ನು ಕಾಂಗ್ರೆಸ್ಸಿನವರು ರಾಷ್ಟ್ರೀಯ ಸಪ್ತಾಹ ಎಂದು ಆಚರಿಸುತ್ತಿದ್ದರು. ಎಂದರೆ ಮಾರ್ಚ್ 12 ಹಿಂದಕ್ಕೆ ಎಣಿಸಿ ಬಂದ ದಿನ. ಮುಟ್ಟಬೇಕಾದ ದಿನ ಗೊತ್ತಿತ್ತು, ನಡಿಗೆಗೆ ಎಷ್ಟು ದಿನ ಹಿಡಿಯುತ್ತದೆ ಎನ್ನುವ ಅಂದಾಜಿತ್ತು, ಹೊರಡುವ ದಿನ ಆ ಲೆಕ್ಕದೊಳಗೇ ಕೂತಿತು.

ಮೋಟೆಬೆನ್ನೂರಿನ ಹುಡುಗ ಮಹದೇವಪ್ಪ ಮೈಲಾರ ಆ ಸಾಲಿನಲ್ಲಿದ್ದ. ಹುಟ್ಟಿದ್ದು 1911ರ ಜೂನ್ 8, ಹೊರಟಾಗ ವಯಸ್ಸು 18 ವರ್ಷ 9 ತಿಂಗಳು. ಹದಿಮೂರು ವರ್ಷಗಳ ಮೇಲೆ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಸರಕಾರಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮೈಲಾರರಿಗೆ ಆಗ 31. ಇವರ ಬಗ್ಗೆ ಬರೆಯುವಾಗ ಬಹಳ ಜನ ಮಾಡುವ ತಪ್ಪು ಊರಿನದು. ‘1930ರಲ್ಲಿ ಹಾವೇರಿ ಜಿಲ್ಲೆಯಿಂದ’ ಎಂದು ಬರೆಯುತ್ತಾರೆ. ಹಾವೇರಿ, ಗದಗ ಜಿಲ್ಲೆಗಳಾದದ್ದು 1997ರಲ್ಲಿ. 1930ರಲ್ಲಿ ಮೋಟೆಬೆನ್ನೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹಳೆಯ ದಾಖಲೆಯಲ್ಲಿ ‘ಹಾವೇರಿ ಜಿಲ್ಲೆ’ ಎಂದು ಹುಡುಕಿದವರಿಗೆ ಏನೂ ಸಿಗದೇ ಇರುವುದು ಇದಕ್ಕೇ. ‘ಈಗಿನ ಹಾವೇರಿ ಜಿಲ್ಲೆಯ’ ಎಂಬ ಒಂದು ಪದ ಸೇರಿಸಿದರೆ ಮುಗಿಯಿತು.

ಇನ್ನು ಈ ದಿನವನ್ನು ನೋಡಿಯೇ ಆರಿಸಿಕೊಂಡವರು. ಮಾರಿಷಸ್ ಸ್ವತಂತ್ರವಾದದ್ದು 1968ರ ಮಾರ್ಚ್ 12ರಂದು. ದಂಡಿ ಯಾತ್ರೆ ಹೊರಟ ದಿನವೆಂಬ ಗೌರವದಿಂದ ಅದನ್ನು ಆರಿಸಿಕೊಂಡರು. ಗಣರಾಜ್ಯವಾದದ್ದು 1992ರಲ್ಲಿ, ಅದಕ್ಕೂ ಮಾರ್ಚ್ 12ನ್ನೇ ಇಟ್ಟುಕೊಂಡರು. ಹಾಗಾಗಿ ನಮಗೆ ಆಗಸ್ಟ್ 15, ಜನವರಿ 26 ಎಂದು ಎರಡಿದ್ದರೆ ಅವರಿಗೆ ಎರಡೂ ಸೇರಿ ಒಂದೇ ರಾಷ್ಟ್ರೀಯ ದಿನ. ನಮ್ಮ ದೇಶದ ‘ಆಜಾದಿ ಕಾ ಅಮೃತ ಮಹೋತ್ಸವ’ಕ್ಕೆ ಚಾಲನೆ ಸಿಕ್ಕದ್ದು 2021ರ ಮಾರ್ಚ್ 12ರಂದು, ಸಾಬರಮತಿ ಆಶ್ರಮದಿಂದಲೇ. 75 ವರ್ಷಕ್ಕೆ 75 ವಾರ ಎಂಬ ಲೆಕ್ಕ. ಕೈಬೆರಳಲ್ಲಿ ಎಣಿಸಿದರೆ 2022ರ ಆಗಸ್ಟ್ 15ಕ್ಕೆ 521 ದಿನ, ಎಂದರೆ 74 ವಾರದ ಮೇಲೆ 3 ದಿನ. 75ನೆಯ ವಾರ ನಡೆಯುತ್ತಿತ್ತು ಎನ್ನಬಹುದು. ಈ ಮೂರೂ ದಂಡಿಯ ವಂಶದವು. ಪಟ್ಟಿಯಲ್ಲಿ ಇವನ್ನು ಬಿಡಿಬಿಡಿಯಾಗಿ ಬೇರೆ ಬೇರೆ ಸಾಲಿನಲ್ಲಿ ಎಸೆದರೆ ಓದುವವರಿಗೆ ಆ ನಂಟೇ ತಿಳಿಯುವುದಿಲ್ಲ.

ಈಗ ಸಂಸ್ಥೆಗಳ ಹುಟ್ಟುಹಬ್ಬ. ಮನುಷ್ಯರಿಗೆ ಹುಟ್ಟಿದ ದಿನ ಒಂದೇ, ಸಂಸ್ಥೆಗಳಿಗೆ ಮೂರು ನಾಲ್ಕು ಇರುತ್ತವೆ. ಧಾರವಾಡದ ಐಐಟಿಯನ್ನೇ ತೆಗೆದುಕೊಳ್ಳಿ. ಪಾಠ ಶುರುವಾದದ್ದು 2016ರಲ್ಲಿ, ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಆವರಣದಲ್ಲಿ. ಶಾಶ್ವತ ಆವರಣಕ್ಕೆ ಅಡಿಗಲ್ಲು 2019ರ ಫೆಬ್ರುವರಿ 10ರಂದು. ಆ ಆವರಣದ ಉದ್ಘಾಟನೆ 2023ರ ಮಾರ್ಚ್ 12ರಂದು. ‘ಮಾರ್ಚ್ 12: ಐಐಟಿ ಧಾರವಾಡ ಸ್ಥಾಪನೆ’ ಎಂದು ಬರೆದರೆ ತಪ್ಪು. ‘ಶಾಶ್ವತ ಆವರಣದ ಉದ್ಘಾಟನೆ’ ಎಂದರೆ ಸರಿ. ಒಂದೇ ಕ್ರಿಯಾಪದ ಅದಲುಬದಲಾದರೆ ಏಳು ವರ್ಷ ಹೋಯಿತು ನೋಡಿ.

ಸಾಹಿತ್ಯ ಅಕಾಡೆಮಿಯದೂ ಇದೇ ಕಥೆ. ಅದನ್ನು ಸ್ಥಾಪಿಸುವ ಸರಕಾರದ ನಿರ್ಣಯ 1952ರ ಡಿಸೆಂಬರಿನದು. ವಿಧಿವತ್ತಾಗಿ ಉದ್ಘಾಟನೆಯಾದದ್ದು 1954ರ ಮಾರ್ಚ್ 12. ಸೊಸೈಟಿಯಾಗಿ ನೋಂದಣಿಯಾದದ್ದು 1956ರ ಜನವರಿ 7. ಪರೀಕ್ಷೆಯಲ್ಲಿ ‘ಸ್ಥಾಪನೆ’ ಎಂದು ಕೇಳಿದಾಗ ಸಾಮಾನ್ಯವಾಗಿ 1954ನ್ನೇ ನಿರೀಕ್ಷಿಸುತ್ತಾರೆ, ಅಕಾಡೆಮಿ ತಾನೂ ಆ ದಿನವನ್ನೇ ಹಿಡಿದಿದೆ. ಈ ಸಾಲನ್ನು ದಿಲ್ಲಿಯ ಸುದ್ದಿಯೆಂದು ದಾಟಿಬಿಡಬಾರದು. ಅದರ ಪ್ರಶಸ್ತಿ ಬೇಂದ್ರೆಯವರಿಗೆ 1958ರಲ್ಲಿ, ಗೋಕಾಕರಿಗೆ 1960ರಲ್ಲಿ ಬಂತು. ಸವಣೂರಿನಲ್ಲಿ ಹುಟ್ಟಿದ ಗೋಕಾಕರೇ 1983ರಿಂದ 1988ರವರೆಗೆ ಅದರ ಅಧ್ಯಕ್ಷರೂ ಆಗಿದ್ದರು.

ಪ್ಲಾಟ್‌ಫಾರ್ಮಿಗೆ ಬರೋಣ. ಕಾಮಗಾರಿ ನಡೆಯುತ್ತಿದ್ದಾಗ 1400 ಮೀಟರ್ ಎಂದೂ 1505 ಮೀಟರ್ ಎಂದೂ ಸುದ್ದಿ ಬರುತ್ತಿತ್ತು. ಕೊನೆಗೆ ನಿಂತ ಅಂಕಿ 1507. ಯೋಜನೆಯ ಹಂತದ ವರದಿಯಿಂದ ಅಂಕಿ ಎತ್ತಿಕೊಂಡವರು ಇಂದಿಗೂ ಹಳೆಯದನ್ನೇ ಹಂಚುತ್ತಿದ್ದಾರೆ. ಕಟ್ಟಡ, ಸೇತುವೆ, ಅಣೆಕಟ್ಟು, ಯಾವುದೇ ಇರಲಿ, ಅಳತೆಯನ್ನು ಕೆಲಸ ಮುಗಿದ ಮೇಲಿನ ದಾಖಲೆಯಿಂದ ತೆಗೆದುಕೊಳ್ಳಬೇಕು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ. ಒಂದೂವರೆ ಕಿಲೋಮೀಟರ್ ಎಂದರೆ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆಯುವವರಿಗೆ ಒಂದು ತುದಿಯಿಂದ ಇನ್ನೊಂದಕ್ಕೆ 18 ನಿಮಿಷ. ಕೈಯಲ್ಲಿ ಚೀಲ, ಪಕ್ಕದಲ್ಲಿ ಮಕ್ಕಳಿದ್ದರೆ ಅರ್ಧ ಗಂಟೆ ಹಿಡಿಯಿರಿ. ಎರಡು ಗಾಡಿಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಎರಡು ದಿಕ್ಕಿಗೆ ಬಿಡಲು ಬರುತ್ತದೆ ಎಂಬುದು ಇದರ ಉಪಯೋಗ, ಬರೀ ದಾಖಲೆಗಾಗಿ ಉದ್ದ ಮಾಡಿದ್ದಲ್ಲ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವವರಿಗೆ ಇಲ್ಲೊಂದು ಎಚ್ಚರಿಕೆ: ‘ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಯಾವುದು’ ಎಂಬ ಪ್ರಶ್ನೆಗೆ ಬಹಳ ಹಿಂದಿನ ಕೀ ಉತ್ತರ ಖರಗ್‌ಪುರ, 2013ರ ನಂತರದ್ದು ಗೋರಖ್‌ಪುರ, 1366 ಮೀಟರ್. 2023ರ ಮಾರ್ಚ್‌ನಿಂದೀಚೆಗೆ ಹುಬ್ಬಳ್ಳಿ. ಮೂರೂ ತಮ್ಮ ತಮ್ಮ ಕಾಲಕ್ಕೆ ಸರಿ.

ಲೋಕಾರ್ಪಣೆಯ ತಾರೀಖು ಹೇಗೆ ಗೊತ್ತಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆ ಭಾನುವಾರ ಪ್ರಧಾನಿ ಮೊದಲು ಮಂಡ್ಯದಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟಿಸಿ, ಆಮೇಲೆ ನಮ್ಮ ಕಡೆ ಬಂದರು. ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆಯ ದಿನಾಂಕ ಪ್ರಕಟವಾಯಿತು. ಕೆಲಸ ಮುಗಿದ ದಿನ, ಬಳಕೆಗೆ ಬಂದ ದಿನ, ರಿಬ್ಬನ್ ಕತ್ತರಿಸಿದ ದಿನ ಮೂರೂ ಒಂದೇ ಆಗಿರುವುದು ಅಪರೂಪ. ಫಲಕದ ಮೇಲೆ ಉಳಿಯುವುದು ಮೂರನೆಯದು.

ಅಂತರಜಾಲದ ಮೇಲೆ ನಡೆಯುವ ವರ್ಲ್ಡ್ ವೈಡ್ ವೆಬ್‌ನ ಹುಟ್ಟುಹಬ್ಬವನ್ನೂ ಮಾರ್ಚ್ 12ಕ್ಕೇ ಮಾಡುತ್ತಾರೆ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ತಮ್ಮ ಪ್ರಸ್ತಾವ ಕೊಟ್ಟ ದಿನ ಅದೆನ್ನುತ್ತಾರೆ. ಆದರೆ ಆ ಪ್ರಸ್ತಾವದ ಮೇಲೆ ‘ಮಾರ್ಚ್ 1989’ ಎಂದಷ್ಟೇ ಇದೆ, ದಿನವಿಲ್ಲ. ಅಷ್ಟೇ ಅಲ್ಲ, ಆ ವರ್ಷ ಮಾರ್ಚ್ 12 ಬಂದದ್ದು ಭಾನುವಾರ! ರಜೆಯ ದಿನ ಮೇಲಧಿಕಾರಿಯ ಮೇಜಿಗೆ ಕಾಗದ ಹೋಯಿತೇ ಎಂಬ ಅನುಮಾನ ಸಹಜ. ಇದನ್ನು ‘ವೆಬ್‌ನ ಹುಟ್ಟುಹಬ್ಬವಾಗಿ ಆಚರಿಸುವ ದಿನ’ ಎಂದು ಬರೆಯುವುದು ಸುರಕ್ಷಿತ.

ಭಾನುವಾರವೆಂದು ಹೇಗೆ ತಿಳಿಯಿತು? ವಾರದ ಪರೀಕ್ಷೆ ಕಲಿತರೆ ಪಟ್ಟಿಯ ಅರ್ಧ ಕಸ ತಾನಾಗಿ ಹೋಗುತ್ತದೆ. ಲೆಕ್ಕ ಹೀಗೆ. 2023ರ ಮಾರ್ಚ್ 12 ಭಾನುವಾರ ಎನ್ನುವುದು ಗೊತ್ತು. ಅದೇ ತಾರೀಖು ಒಂದು ವರ್ಷ ಹಿಂದೆ ಹೋದರೆ ವಾರ ಒಂದು ದಿನ ಹಿಂದೆ ಸರಿಯುತ್ತದೆ, ನಡುವೆ ಫೆಬ್ರುವರಿ 29 ಸಿಕ್ಕರೆ ಎರಡು ದಿನ. 1930ಕ್ಕೆ ಹೋಗಬೇಕಾದರೆ 93 ವರ್ಷ. ನಡುವಿನ ಅಧಿಕ ವರ್ಷಗಳು 1932ರಿಂದ 2020ರವರೆಗೆ 23. ಕೂಡಿದರೆ 116. ಏಳರಿಂದ ಭಾಗಿಸಿದರೆ ಶೇಷ 4. ಭಾನುವಾರದಿಂದ ನಾಲ್ಕು ದಿನ ಹಿಂದೆ: ಶನಿ, ಶುಕ್ರ, ಗುರು, ಬುಧ. ದಂಡಿ ಹೊರಟದ್ದು ಬುಧವಾರ ಎಂಬ ದಾಖಲೆಗೆ ತಾಳೆಯಾಯಿತು. 1989ಕ್ಕೆ 34 ವರ್ಷ, 8 ಅಧಿಕ ದಿನ, ಒಟ್ಟು 42, ಶೇಷ ಸೊನ್ನೆ. ಆದ್ದರಿಂದ ಭಾನುವಾರ. ಮಾರ್ಚ್ ತಿಂಗಳ ತಾರೀಖುಗಳಿಗೆ ಆ ವರ್ಷದ ಫೆಬ್ರುವರಿ ಹಿಂದೆಯೇ ಉಳಿದಿರುತ್ತದೆ. ಹಿಂದಕ್ಕೆ ಎಣಿಸುವಾಗ ತಲುಪಬೇಕಾದ ವರ್ಷವೇ ಅಧಿಕ ವರ್ಷವಾಗಿದ್ದರೆ ಅದನ್ನು ಸೇರಿಸಬಾರದು. ಮಾರಿಷಸ್‌ನ 1968ರಲ್ಲಿ ಎಡವುವುದು ಇಲ್ಲಿಯೇ: 55 ವರ್ಷ, ಅಧಿಕ ದಿನ 1972ರಿಂದ ಎಣಿಸಿ 13, ಒಟ್ಟು 68, ಶೇಷ 5, ಮಂಗಳವಾರ. 1968ನ್ನೂ ಸೇರಿಸಿದರೆ ಸೋಮವಾರ ಬಂದು ತಪ್ಪುತ್ತದೆ.

ಇದೇನು ಹೊಸ ವಿದ್ಯೆಯಲ್ಲ. ಲಕ್ಕುಂಡಿ ಸುತ್ತಲಿನ ಶಾಸನಗಳಂಥ ಹಳಗನ್ನಡ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಗಳ ಜೊತೆಗೆ ವಾರವನ್ನೂ ಕೆತ್ತಿಸುವ ರೂಢಿ ಇತ್ತು. ತಿಥಿಗೂ ವಾರಕ್ಕೂ ತಾಳೆ ಬಿದ್ದರೆ ಶಾಸನದ ಕಾಲ ನಿಂತಿತು, ಬೀಳದಿದ್ದರೆ ಕೆತ್ತಿದವರೋ ಓದಿದವರೋ ಎಲ್ಲೋ ತಪ್ಪಿದ್ದಾರೆ ಎಂದು ಶಾಸನತಜ್ಞರು ಹಿಡಿಯುತ್ತಾರೆ.

ತಿಥಿಯ ಮಾತು ಬಂತೆಂದ ಮೇಲೆ ಇದನ್ನೂ ಹೇಳಬೇಕು. ಬಸವ ಜಯಂತಿ ಅಕ್ಷಯ ತೃತೀಯೆಗೆ, ಸಿದ್ಧಾರೂಢ ಮಠದ ಜಾತ್ರೆ ಶಿವರಾತ್ರಿಗೆ, ಬಾಡದ ಕನಕದಾಸರ ಜಯಂತಿ ಕಾರ್ತಿಕ ಬಹುಳ ತೃತೀಯೆಗೆ. ಇವು ಇಂಗ್ಲಿಷ್ ಕ್ಯಾಲೆಂಡರಿನ ಯಾವ ಮನೆಯಲ್ಲೂ ಕಾಯಂ ಆಗಿ ಕೂರುವುದಿಲ್ಲ. ಒಂದು ವರ್ಷದ ಪಟ್ಟಿಯನ್ನು ಮರುವರ್ಷ ಹಾಗೇ ಓದಿದರೆ ಜಯಂತಿ ಹತ್ತು ದಿನ ಮೊದಲೇ ಆಗಿಹೋಗಿರುತ್ತದೆ. ಶಿಶುನಾಳ ಶರೀಫರ ವಿಷಯದಲ್ಲಿ ತೊಡಕು ಬೇರೆ. ಅವರ ಜನನ ಮರಣಗಳ ತಾರೀಖಿನಲ್ಲಿ ಜುಲೈ 3, ಮಾರ್ಚ್ 7 ಎರಡೂ ಚಲಾವಣೆಯಲ್ಲಿವೆ. 3-7, 7-3 ಎಂದು ಅಂಕಿಯಲ್ಲಿ ಬರೆದು ನೋಡಿದರೆ ಗೊಂದಲಕ್ಕೆ ದಾರಿ ಎಷ್ಟು ಸಲೀಸು ಎಂದು ಕಾಣುತ್ತದೆ. ದಿನ ಮೊದಲೋ ತಿಂಗಳು ಮೊದಲೋ ಎಂಬ ಜಗಳವನ್ನು ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ತಪ್ಪಿಸಬಹುದು. ನಮ್ಮ ಮಾರ್ಚ್ 12ಕ್ಕೂ ಈ ಕಾಟವಿದೆ, 12-3 ಮತ್ತು 3-12. ಅಮೆರಿಕದ ಪಟ್ಟಿಯಿಂದ ಇಳಿಸಿಕೊಂಡವರು ಡಿಸೆಂಬರ್ 3ನ್ನು ಇಲ್ಲಿ ತಂದು ಕೂಡಿಸುತ್ತಾರೆ.

ರಷ್ಯದ್ದು ಇನ್ನೂ ಸ್ವಾರಸ್ಯ. 1917ರ ‘ಫೆಬ್ರುವರಿ ಕ್ರಾಂತಿ’ಯಲ್ಲಿ ಪೆತ್ರೊಗ್ರಾದ್‌ನ ಸೈನಿಕರು ದಂಗೆ ಎದ್ದು ಜನರ ಕಡೆ ಬಂದದ್ದು ಅವರ ಕ್ಯಾಲೆಂಡರಿನಲ್ಲಿ ಫೆಬ್ರುವರಿ 27. ಅಂದು ನಮ್ಮ ಕ್ಯಾಲೆಂಡರಿನಲ್ಲಿ ಮಾರ್ಚ್ 12. ರಷ್ಯ ಆಗ ಹಳೆಯ ಜೂಲಿಯನ್ ಪದ್ಧತಿಯಲ್ಲಿತ್ತು, 13 ದಿನ ಹಿಂದೆ. ಮರುವರ್ಷ ಅವರು ಹೊಸ ಪದ್ಧತಿಗೆ ಬಂದರು, 1918ರ ಮಾರ್ಚ್ 12ಕ್ಕೆ ರಾಜಧಾನಿ ಮಾಸ್ಕೋ ಆಯಿತು. ಫೆಬ್ರುವರಿ ಕ್ರಾಂತಿಯನ್ನು ಮಾರ್ಚ್ ತಿಂಗಳ ಪಟ್ಟಿಯಲ್ಲಿ ನೋಡಿ ತಪ್ಪೆಂದು ಹೊಡೆದುಹಾಕುವ ಮಾಸ್ತರರಿದ್ದರೆ ಅವರನ್ನು ದೂರುವಂತಿಲ್ಲ.

ಆಟದ ಮಾತಿಗೆ ಬಂದರೆ ಈ ದಿನದ ಅಂಗಳ ತುಂಬಿದೆ. 2006ರ ಮಾರ್ಚ್ 12, ಜೊಹಾನ್ಸ್‌ಬರ್ಗ್‌ನ ವಾಂಡರರ್ಸ್. ಆಸ್ಟ್ರೇಲಿಯಾ 4 ವಿಕೆಟ್‌ಗೆ 434. ಪಾಂಟಿಂಗ್ 105 ಎಸೆತಗಳಲ್ಲಿ 164. ಅಲ್ಲಿಯವರೆಗೆ ಏಕದಿನ ಕ್ರಿಕೆಟ್‌ನಲ್ಲಿ ಯಾರೂ 400 ದಾಟಿರಲಿಲ್ಲ. 1996ರ ವಿಶ್ವಕಪ್‌ನಲ್ಲಿ ಕೆನ್ಯಾ ವಿರುದ್ಧ ಶ್ರೀಲಂಕಾ ಹೊಡೆದ 398 ದಾಖಲೆಯಾಗಿತ್ತು. ಹತ್ತು ವರ್ಷ ನಿಂತ ದಾಖಲೆ ಮುರಿದು, ಆ ಹೊಸ ದಾಖಲೆ ಸಂಜೆಯವರೆಗೂ ಬಾಳಲಿಲ್ಲ. ಗಿಬ್ಸ್ 111 ಎಸೆತಗಳಲ್ಲಿ 175 ಹೊಡೆದರು. ಕೊನೆಯ ಓವರಿನಲ್ಲಿ ಒಂದು ವಿಕೆಟ್, ಒಂದು ಎಸೆತ ಉಳಿದಿರುವಾಗ ಬೌಷರ್ ಬೌಂಡರಿ ಬಾರಿಸಿದರು, 9 ವಿಕೆಟ್‌ಗೆ 438. ಬೆನ್ನಟ್ಟಿ ಗೆದ್ದ ಮೊತ್ತಗಳಲ್ಲಿ ಇದನ್ನು ಇನ್ನೂ ಯಾರೂ ಮೀರಿಸಿಲ್ಲ. 10 ಓವರಿಗೆ 113 ರನ್ ಕೊಟ್ಟ ಮಿಕ್ ಲೂಯಿಸ್ ಮತ್ತೆ ಆಸ್ಟ್ರೇಲಿಯಾಕ್ಕೆ ಏಕದಿನ ಪಂದ್ಯ ಆಡಲಿಲ್ಲ. ಪಟ್ಟಿಗಳಲ್ಲಿ ‘ಗರಿಷ್ಠ ಮೊತ್ತ’ ಮತ್ತು ‘ಗರಿಷ್ಠ ಯಶಸ್ವಿ ಬೆನ್ನಟ್ಟುವಿಕೆ’ ಎರಡನ್ನೂ ಕಲಸುತ್ತಾರೆ. ಮೊದಲನೆಯದು ಆಮೇಲೆ ಹಲವು ಸಲ ಮುರಿದಿದೆ.

2011ರ ಇದೇ ದಿನ ನಾಗಪುರದಲ್ಲಿ ವಿಶ್ವಕಪ್ ಪಂದ್ಯ. ಸಚಿನ್ 111, ಅಂತರರಾಷ್ಟ್ರೀಯ ಕ್ರಿಕೆಟ್‌ನ 99ನೆಯ ಶತಕ. ಒಂದು ವಿಕೆಟ್‌ಗೆ 267 ಇದ್ದ ಭಾರತ 296ಕ್ಕೆ ಗಂಟುಮೂಟೆ ಕಟ್ಟಿತು, ಎಂದರೆ 29 ರನ್‌ಗೆ ಒಂಬತ್ತು ವಿಕೆಟ್. ದಕ್ಷಿಣ ಆಫ್ರಿಕಾ ಎರಡು ಎಸೆತ ಉಳಿಸಿ ಗೆದ್ದಿತು. ನೂರನೆಯ ಶತಕಕ್ಕೆ 370 ದಿನ ಕಾಯಬೇಕಾಯಿತು, 2012ರ ಮಾರ್ಚ್ 16ರವರೆಗೆ.

2022ರಲ್ಲಿ ಈ ದಿನ ನಸುಕಿನಿಂದ ರಾತ್ರಿಯವರೆಗೂ ಕ್ರಿಕೆಟ್. ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಮಹಿಳಾ ವಿಶ್ವಕಪ್, ನಮ್ಮ ಗಡಿಯಾರಕ್ಕೆ ಬೆಳಗ್ಗೆ ಆರೂವರೆಗೆ ಶುರು. ಸ್ಮೃತಿ ಮಂಧಾನ 123, ಹರ್ಮನ್‌ಪ್ರೀತ್ 109, ವೆಸ್ಟ್ ಇಂಡೀಸ್ ವಿರುದ್ಧ 155 ರನ್‌ಗಳ ಗೆಲುವು. ಜೂಲನ್ ಗೋಸ್ವಾಮಿ ವಿಶ್ವಕಪ್‌ಗಳಲ್ಲಿ 40ನೆಯ ವಿಕೆಟ್ ಪಡೆದು ಎಲ್ಲರನ್ನೂ ದಾಟಿದರು. ಮಧ್ಯಾಹ್ನ ಎರಡಕ್ಕೆ ಬೆಂಗಳೂರಿನಲ್ಲಿ ಶ್ರೀಲಂಕಾ ವಿರುದ್ಧ ಗುಲಾಬಿ ಚೆಂಡಿನ ಟೆಸ್ಟ್, ಮೊದಲ ದಿನವೇ 16 ವಿಕೆಟ್ ಬಿದ್ದವು, ಶ್ರೇಯಸ್ ಅಯ್ಯರ್ 92. ಹೆಚ್ಚಿನ ಪಟ್ಟಿಗಳಲ್ಲಿ ಹ್ಯಾಮಿಲ್ಟನ್ ಇರುವುದೇ ಇಲ್ಲ. ಅದು ಮರೆವಲ್ಲ, ಅಸಡ್ಡೆ.

2023ರದು ಮತ್ತೂ ಒಂದು ತಮಾಷೆ. ಹುಬ್ಬಳ್ಳಿ-ಧಾರವಾಡದಲ್ಲಿ ಲೋಕಾರ್ಪಣೆ ನಡೆದ ದಿನವೇ ಅಹಮದಾಬಾದ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟಿನ ನಾಲ್ಕನೆಯ ದಿನ. 2019ರ ನವೆಂಬರಿನಿಂದ ಟೆಸ್ಟ್ ಶತಕ ಕಾಣದಿದ್ದ ಕೊಹ್ಲಿ ಅಂದು 186 ಹೊಡೆದರು. ದಂಡಿ ಯಾತ್ರೆ ಹೊರಟ ಊರು ಅದೇ ಅಹಮದಾಬಾದ್. ನಂಟು ಕಟ್ಟುವ ಚಟ ಇದ್ದವರಿಗೆ ಇಲ್ಲಿ ಬಾಯಿ ನೀರೂರುತ್ತದೆ, ಆದರೆ ಇದು ಶುದ್ಧ ಕಾಕತಾಳೀಯ, ಮಾರಿಷಸ್‌ನಂಥದ್ದಲ್ಲ.

ಅದೇ ದಿನ ಲಾಸ್ ಏಂಜಲೀಸ್‌ನಲ್ಲಿ ಆಸ್ಕರ್ ಸಮಾರಂಭ. ‘ನಾಟು ನಾಟು’ ಹಾಡಿಗೆ ಪ್ರಶಸ್ತಿ ಬಂದದ್ದು ಯಾವಾಗ? ಅಲ್ಲಿ ಮಾರ್ಚ್ 12ರ ಸಂಜೆ, ಇಲ್ಲಿ ಮಾರ್ಚ್ 13ರ ಬೆಳಗ್ಗೆ. ಸಮಾರಂಭ ಅಲ್ಲಿನ ಸಂಜೆ 5ಕ್ಕೆ ಆರಂಭ, ನಮಗೆ ಮುಂಜಾನೆ 5:30. ಅಮೆರಿಕದಲ್ಲಿ ಬೇಸಿಗೆಯ ಗಡಿಯಾರ ಒಂದು ಗಂಟೆ ಮುಂದೆ ಹೋದದ್ದೂ ಬರೋಬ್ಬರಿ ಅಂದೇ. ಹಿಂದಿನ ದಿನದವರೆಗೆ ಹದಿಮೂರೂವರೆ ಗಂಟೆ ಇದ್ದ ಅಂತರ ಅಂದಿನಿಂದ ಹನ್ನೆರಡೂವರೆ. ಪಟ್ಟಿಗೆ ಯಾವ ತಾರೀಖು ಹಾಕಬೇಕು? ಘಟನೆ ನಡೆದ ಊರಿನ ತಾರೀಖು ಹಾಕುವುದು ರೂಢಿ. ಅದನ್ನೇ ಪಾಲಿಸಿ, ಭಾರತದಲ್ಲಿ ಮರುದಿನ ಬೆಳಗ್ಗೆ ಎಂದು ಒಂದು ಮಾತು ಸೇರಿಸಿದರೆ ಮರುದಿನದ ಪತ್ರಿಕೆ ನೋಡಿದವರ ಜೊತೆ ವಾದಕ್ಕಿಳಿಯುವ ಪ್ರಸಂಗ ಬರುವುದಿಲ್ಲ.

ಈ ಮನೆಗೆ ಬರಬೇಕೆಂದು ಬಾಗಿಲಲ್ಲಿ ನಿಂತವರೂ ಇದ್ದಾರೆ. ಕುಂಬ್ಳೆಯ 500ನೆಯ ಟೆಸ್ಟ್ ವಿಕೆಟ್, ಮೊಹಾಲಿಯಲ್ಲಿ ಹಾರ್ಮಿಸನ್, 2006ರ ಮಾರ್ಚ್ 11. ಆ ಟೆಸ್ಟ್ 9ರಿಂದ 13ರವರೆಗೆ ನಡೆದದ್ದರಿಂದ ಅದನ್ನು ಮನಸ್ಸಿಗೆ ಬಂದ ತಾರೀಖಿಗೆ ಹಾಕುವವರಿದ್ದಾರೆ. ಐದು ದಿನದ ಆಟದಲ್ಲಿ ಸಾಧನೆ ಯಾವ ದಿನದ್ದೆಂದು ಸ್ಕೋರ್‌ಕಾರ್ಡ್ ಹೇಳುವುದಿಲ್ಲ. ದಿನದಿನದ ವರದಿ ನೋಡಬೇಕು. ಪಕ್ಕದ ಮನೆಯವರನ್ನು ನಮ್ಮ ಅಭಿಮಾನಕ್ಕಾಗಿ ಎಳೆದು ತರುವಂತಿಲ್ಲ.

ದುಃಖದ ಸಾಲುಗಳೂ ಇಲ್ಲಿವೆ. 1993ರ ಮಾರ್ಚ್ 12, ಶುಕ್ರವಾರ, ಮುಂಬಯಿಯ ಸರಣಿ ಸ್ಫೋಟ, 257 ಸಾವು. 2020ರ ಮಾರ್ಚ್ 12ರಂದು ದೇಶದ ಮೊದಲ ಕೋವಿಡ್ ಸಾವು ದೃಢಪಟ್ಟಿತು, ಕಲಬುರಗಿಯ 76 ವರ್ಷದ ವೃದ್ಧರೊಬ್ಬರದು. ಅವರು ತೀರಿಕೊಂಡದ್ದು 10ರಂದು, ಪರೀಕ್ಷೆಯ ಫಲಿತಾಂಶ ಬಂದದ್ದು 12ರಂದು. ‘ಮೊದಲ ಸಾವು’ ಎಂದರೆ 10, ‘ದೃಢ’ ಎಂದರೆ 12. ಇಂಥವನ್ನು ಹುಟ್ಟುಹಬ್ಬದ ಸಾಲಿನ ಕೆಳಗೆ, ಕ್ರಿಕೆಟ್ ಸಾಲಿನ ಮೇಲೆ ತುರುಕಬಾರದು. ಹಲಗೆಯ ಒಂದು ಬದಿಗೆ ಬೇರೆಯೇ ಬರೆಯಬೇಕು, ಓದುವಾಗಲೂ ಕೊನೆಗೆ, ದನಿ ಇಳಿಸಿ.

ಹುಟ್ಟಿದವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡದಲ್ಲೂ ಧಾರಾಳವಾಗಿ ಹಾಡಿದ ಶ್ರೇಯಾ ಘೋಷಾಲ್, 1984. ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿ ಯಶವಂತರಾವ್ ಚವಾಣ್, 1913. ಗಂಗೂಬಾಯಿ ಹಾನಗಲ್ಲರಿಗಿಂತ ಒಂದೇ ವಾರಕ್ಕೆ ಕಿರಿಯರು ಇವರು, ಅವರದು ಅದೇ ವರ್ಷದ ಮಾರ್ಚ್ 5. ಚವಾಣರು ದ್ವಿಭಾಷಾ ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾದದ್ದು 1956ರ ನವೆಂಬರ್ 1ರಂದು, ಧಾರವಾಡ ಜಿಲ್ಲೆ ಮುಂಬಯಿಯ ಕೈಬಿಟ್ಟು ಬಂದ ದಿನವೇ. ಸಾಮಾನ್ಯರ ಹುಟ್ಟುಹಬ್ಬ ಎಣಿಸಹೋದರೆ ಮಾತ್ರ ಶಾಲೆಯ ದಾಖಲೆ ನಂಬಿ ಕೂರಬೇಡಿ. ಹಿಂದಿನ ತಲೆಮಾರಿಗೆ ಹೆಸರು ಹಚ್ಚುವಾಗ ಮಾಸ್ತರರೇ ಜೂನ್ 1 ಎಂದು ಬರೆದುಬಿಟ್ಟದ್ದು ಉತ್ತರ ಕರ್ನಾಟಕದಲ್ಲಿ ಮನೆಮನೆಯ ಸಂಗತಿ. ಮೇಲೆ ಹೇಳಿದ 2,580ರಲ್ಲಿ ಎಷ್ಟೋ ಜನ ಕಾಗದದ ಮೇಲೆ ಜೂನ್ ಒಂದರಂದು ಹುಟ್ಟಿದವರೇ.

ಇಷ್ಟೆಲ್ಲ ಇದ್ದರೂ ಪ್ರಾರ್ಥನೆಯ ಹೊತ್ತಿಗೆ ಸಿಗುವುದು ಎರಡು ನಿಮಿಷ. ನಿಧಾನಕ್ಕೆ ಓದಿದರೆ ಅಷ್ಟರಲ್ಲಿ ಸುಮಾರು 150 ಪದ, ಹಲಗೆಯ ಮೇಲೆ ಐದು ಸಾಲು. ಆರಿಸುವ ಕೆಲಸ ನನ್ನ ಪಾಲಿಗೆ ಬಂದರೆ ಮೊದಲ ಸಾಲು ದಂಡಿ ಮತ್ತು ಮೈಲಾರ ಮಹದೇವಪ್ಪ ಕೂಡಿ, ಎರಡನೆಯದು ಮಾರಿಷಸ್, ಮೂರನೆಯದು ಸಾಹಿತ್ಯ ಅಕಾಡೆಮಿ, ನಾಲ್ಕಕ್ಕೆ ಹುಬ್ಬಳ್ಳಿ ಪ್ಲಾಟ್‌ಫಾರ್ಮ್, ಐದಕ್ಕೆ 438. ಬದಿಗೆ ಮುಂಬಯಿ. ವೆಬ್ ಮತ್ತು ಮಾಸ್ಕೋ ಹೋದರೂ ಹೋಗಲಿ. ಪ್ರತಿ ಸಾಲಿನಲ್ಲಿ ವರ್ಷ, ಊರು, ಒಂದು ಖಚಿತ ಕ್ರಿಯಾಪದ: ಹೊರಟರು, ಸ್ವತಂತ್ರವಾಯಿತು, ಉದ್ಘಾಟನೆಯಾಯಿತು, ಲೋಕಾರ್ಪಣೆಯಾಯಿತು, ಬೆನ್ನಟ್ಟಿ ಗೆದ್ದಿತು. ‘ನಡೆಯಿತು’ ಎಂಬ ಸೋಮಾರಿ ಪದ ಬೇಡ.

ಒಂದು ಲೆಕ್ಕ ಮಾತ್ರ ಈಗಲೇ ಬರೆದಿಡುವುದು ಒಳ್ಳೆಯದು. ದಂಡಿ ಯಾತ್ರೆಗೆ ನೂರು ವರ್ಷ ತುಂಬುವುದು 2030ರ ಮಾರ್ಚ್ 12, ಮಂಗಳವಾರ. 2029ರ ಮಾರ್ಚ್ 12, ಸೋಮವಾರ, 99 ತುಂಬಿ ನೂರನೆಯ ವರ್ಷ ಶುರುವಾಗುತ್ತದೆ, ಆಗಲೇ ‘ಶತಮಾನೋತ್ಸವ’ದ ಬ್ಯಾನರ್ ಕಟ್ಟುವವರು ಇದ್ದೇ ಇರುತ್ತಾರೆ. ಶತಮಾನೋತ್ಸವ ವರ್ಷದ ಆರಂಭ ಎಂದು ಬರೆಸಿದರೆ ಬ್ಯಾನರ್ ತಪ್ಪಲ್ಲ.